ಗುಳ್ಳೆ ಬಿಡದ ಉಸಿರಾಟ ಯಂತ್ರದ ಗುಣದೋಷಗಳು ಮತ್ತು ದಂಡೆಯ ಮೇಲೆ ಅವಧಿಗೆ ಮುನ್ನ ಅಳುವುದರ ನಿಯಂತ್ರಣ ಕುರಿತು

ನದಿತಳ ಕಾಮಗಾರಿ ಉಪವಿಭಾಗ, ಚಿಕ್ಕೋಡಿ

ಸಂಖ್ಯೆ: ನತಕಾ/ಚಿ/ಉಸಿರು/07/2024-25
ದಿನಾಂಕ: 03-03-2025

ಸುತ್ತೋಲೆ

ವಿಷಯ: ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ರೀಬ್ರೀದರ್ ಯಂತ್ರವನ್ನು ಇಟ್ಟುಕೊಳ್ಳಬೇಕೋ ವಾಪಸು ಕಳಿಸಬೇಕೋ ಎಂಬ ಬಗ್ಗೆ, ಹಾಗೂ ತತ್ಸಂಬಂಧಿ ಅಳು, ಬುತ್ತಿ, ತಂಬಾಕು, ಎಮ್ಮೆ ಮತ್ತು ಹಗ್ಗದ ಬಗ್ಗೆ.

ಉಲ್ಲೇಖ:
1. ಕೇಂದ್ರ ಕಚೇರಿಯ ಪತ್ರ, 'ಯಂತ್ರ ಕಳಿಸಿದೆ, ಗುಣದೋಷ ತಿಳಿಸಿ'.
2. ದಿನಾಂಕ 04-02-2025ರಂದು ಯಡೂರಿನ ದಂಡೆಯಿಂದ ಈ ಕಚೇರಿಗೆ ಬಂದ ನಲವತ್ತೊಂದು ಫೋನ್ ಕರೆಗಳು.
3. ಶ್ರೀಮತಿ ಅಕ್ಕುತಾಯಿ ಇವರ ಮೌಖಿಕ ಆಕ್ಷೇಪಣೆ (ಕಾಗದದ ಮೇಲೆ ಬರೆಯಬಹುದಾದ ಭಾಗ ಮಾತ್ರ).

ಪ್ರಸ್ತಾವನೆ:

ಕೃಷ್ಣಾ ನದಿಯ ತಳದಲ್ಲಿ ಆಗಬೇಕಾದ ಕೆಲಸಗಳನ್ನು ಈ ಉಪವಿಭಾಗವು ಈವರೆಗೆ ಶ್ರೀ ದಶರಥ, ಮುಳುಗುಕಾರ, ಇವರೊಬ್ಬರ ಕೈಯಿಂದಲೇ ಮಾಡಿಸಿಕೊಂಡು ಬಂದಿರುತ್ತದೆ. ಸದರಿಯವರು ಇಪ್ಪತ್ತೆರಡು ವರ್ಷಗಳಿಂದ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಿದ್ದು, ಆ ಹಳೆಯ ಸೆಟ್ಟು ಬಿಟ್ಟ ಉಸಿರನ್ನೆಲ್ಲ ಗುಳ್ಳೆ ಮಾಡಿ ನೀರಿಗೆ ಚೆಲ್ಲುವುದರಿಂದ ದಂಡೆಯ ಜನ ಅದನ್ನು 'ಬುಡುಬುಡು' ಎಂದು ಕರೆಯುವುದು ರೂಢಿ. ಬುಡುಬುಡುವಿನ ಗಾಳಿ ನಲವತ್ತು ನಿಮಿಷಕ್ಕೆ ತೀರುತ್ತದೆ. ಏಳು ಹಳ್ಳಿಗೆ ನೀರೆತ್ತುವ ನದಿಬಾವಿಯಾದ ಜಾಕ್‌ವೆಲ್‌ನ ಜಾಳಿಗೆಗೆ ಸುತ್ತಿಕೊಂಡ ಬಳ್ಳಿ, ಹಳೇ ಸೀರೆ, ಗೊಬ್ಬರದ ಚೀಲ ಬಿಡಿಸಲು ಎರಡು ತಾಸು ಬೇಕು. ಆದ್ದರಿಂದ ಸದರಿಯವರು ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಕೆಲಸವನ್ನೂ ಒಂದೇ ಮುಳುಗಿಗೆ ಮುಗಿಸಿರುವುದಿಲ್ಲ. ಗಂಟಿನ ತುದಿ ಸಿಕ್ಕಿತು ಅನ್ನುವಷ್ಟರಲ್ಲಿ ಗಾಳಿ ತೀರುವುದು, ಮೇಲೆ ಬರುವುದು, ಮತ್ತೆ ಇಳಿದಾಗ ತುದಿ ಇದ್ದ ಜಾಗದಲ್ಲಿ ಇಲ್ಲದಿರುವುದು. ಇದು ದಶರಥರ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿದೆ ಎಂಬ ಸಂಗತಿ ಯಾವ ಕಡತದಲ್ಲೂ ಇಲ್ಲ, ಕಚೇರಿಗೆ ಗೊತ್ತಿದೆ.

ಹೀಗಿರುವಲ್ಲಿ ಕೇಂದ್ರ ಕಚೇರಿಯಿಂದ ಒಂದು ಹೊಸ ಯಂತ್ರ ಬಂದಿರುತ್ತದೆ. ಇದು ಬಿಟ್ಟ ಉಸಿರನ್ನು ಹೊರಗೆ ಹಾಕದೆ, ಡಬ್ಬಿಯೊಳಗಿನ ಸುಣ್ಣದ ಹರಳುಗಳ ಮೂಲಕ ಹಾಯಿಸಿ, ಕೆಟ್ಟ ಗಾಳಿಯನ್ನು ಅಲ್ಲೇ ಹಿಡಿದಿಟ್ಟು, ಕಡಿಮೆ ಬಿದ್ದಷ್ಟು ಆಮ್ಲಜನಕ ಸೇರಿಸಿ, ಅದೇ ಉಸಿರನ್ನು ಮತ್ತೆ ಬಾಯಿಗೆ ಕೊಡುತ್ತದೆ. ಗುಳ್ಳೆ ಬರುವುದಿಲ್ಲ. ಮೂರು ತಾಸು ನಡೆಯುತ್ತದೆ.

ಕೇಂದ್ರ ಕಚೇರಿಯ ಷರತ್ತು: ಮೂರು ಪರೀಕ್ಷಾ ಮುಳುಗುಗಳ ನಂತರ, ದಿನಾಂಕ 28-02-2025ರ ಸಂಜೆ 5.30ರೊಳಗೆ ಮುಳುಗುಕಾರರ ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡತಕ್ಕದ್ದು. ತಪ್ಪಿದಲ್ಲಿ ಯಂತ್ರ ಕೇಂದ್ರ ಕಚೇರಿಗೆ ವಾಪಸು. ದಶರಥರು ನಲವತ್ತು ನಿಮಿಷಕ್ಕೆ ವಾಪಸು. ಮನೆಯವರು ಅಂದರೆ ಅವರ ಪತ್ನಿ ಶ್ರೀಮತಿ ಅಕ್ಕುತಾಯಿ. ಈ ಹಿನ್ನೆಲೆಯಲ್ಲಿ ನಡೆದದ್ದನ್ನೂ ಇನ್ನು ಮುಂದೆ ನಡೆಯತಕ್ಕದ್ದನ್ನೂ ಈ ಕೆಳಗಿನಂತೆ ಎಲ್ಲರ ಗಮನಕ್ಕೆ ತರಲಾಗಿದೆ.

1. ಎಂಜಲು. ಯಂತ್ರ ದಂಡೆಗೆ ಬಂದ ದಿನವೇ ಅಕ್ಕುತಾಯಿ ಅವರ ತಮ್ಮ, ಕಾಗವಾಡದ ಶ್ರೀ ಹಾಲಸಿದ್ದ, ಆಕ್ಷೇಪಣೆ ಎತ್ತಿರುತ್ತಾರೆ. ಅವರ ಮಾತಿನಲ್ಲೇ ಹೇಳುವುದಾದರೆ: "ಒಮ್ಮಿ ಬಿಟ್ಟ ಉಸರ ಅಂದ್ರ ಉಗುಳಿದಂಗರಿ. ಅದನ್ನ ಮತ್ತ ಬಾಯಾಗ ಹಾಕ್ಕೊಳ್ಳೂದು ಎಂಜಲಾ ಅಲ್ಲೇನು?" ಈ ಬಗ್ಗೆ ಸ್ಪಷ್ಟಪಡಿಸುವುದೇನೆಂದರೆ:

(ಅ) ತನ್ನದೇ ಉಸಿರು ತನಗೆ ಎಂಜಲಲ್ಲ.
(ಆ) ಹಿಂದೆ ಬಳಸಿದವರ ಉಸಿರು ಯಂತ್ರದ ಗಾಳಿಚೀಲದಲ್ಲಿ ಉಳಿದಿದ್ದರೆ ಅದು ಎಂಜಲೇ. ಹೊಸ ಗಾಳಿ ಹಾಯಿಸಿ ತೊಳೆಯತಕ್ಕದ್ದು.
(ಇ) ಮುಳುಗುವ ಮುನ್ನ ಉಳ್ಳಾಗಡ್ಡಿ ತಿಂದವರು ಅದೇ ಉಳ್ಳಾಗಡ್ಡಿಯೊಡನೆ ಮೂರು ತಾಸು ಸಂಸಾರ ಮಾಡಬೇಕಾಗುತ್ತದೆ. ತೇಗು ಬಂದಲ್ಲಿ ಅದೂ ಒಂದು ಸುತ್ತು ಹಾಕಿ ಬರುತ್ತದೆ. ಇದಕ್ಕೆ ಇಲಾಖೆ ಹೊಣೆಯಲ್ಲ.

2. ಸುಣ್ಣ. ಉಗ್ರಾಣದಲ್ಲಿದ್ದ ಯಂತ್ರದ ಸುಣ್ಣದ ಚೀಲವೊಂದು ನಾಲ್ಕೇ ದಿನದಲ್ಲಿ ಮುಕ್ಕಾಲು ಕಿಲೋ ಹಗುರಾಗಿರುವುದು ಕಂಡುಬಂದಿದೆ. ಉಗ್ರಾಣ ನೋಡಿಕೊಳ್ಳುವ, ತಂಬಾಕಿನ ಊರಾದ ನಿಪ್ಪಾಣಿ ಮೂಲದ ಶ್ರೀ ಜಕ್ಕಪ್ಪ ಇವರನ್ನು ವಿಚಾರಿಸಲಾಗಿ: "ಚೀಲದ ಮ್ಯಾಲ ಸುಣ್ಣ ಅಂತ ಬರದಿತ್ರಿ. ತಂಬಾಕಿಗೆ ಹಚ್ಚಿದೆ, ನಾಕ ಮಂದಿಗೆ ಕೊಟ್ಟೆ. ಸಾಹೇಬ್ರ, ನಿಪ್ಪಾಣಿ ಮನಶ್ಯಾನ ಮುಂದ ಸುಣ್ಣಾ ಇಟ್ಟು ಹಚ್ಚಬ್ಯಾಡ ಅಂದ್ರ ಹೆಂಗ್ರಿ?" ಎಂದು ತಿಳಿಸಿರುತ್ತಾರೆ. ಸದರಿ ಸುಣ್ಣವನ್ನು, ಅದರ ಶಕ್ತಿ ತೀರಿದಾಗ ನೇರಳೆ ಬಣ್ಣಕ್ಕೆ ತಿರುಗುವಂತೆ ತಯಾರಿಸಲಾಗಿರುತ್ತದೆ. ಜಕ್ಕಪ್ಪನವರ ಕೆಳತುಟಿ ಎರಡನೆಯ ದಿನಕ್ಕೇ ತೀರಿರುವುದನ್ನು ಕಚೇರಿಯು ದೃಢಪಡಿಸಿಕೊಂಡಿದೆ.

ಇದು ಎಲೆಅಡಿಕೆಯ ಸುಣ್ಣವಲ್ಲ. ಬಾಯಿ ಸುಡುತ್ತದೆ, ಮತ್ತು ಕೆಳಗಿರುವವನ ಉಸಿರು ಇದರ ಮೇಲೆ ನಿಂತಿದೆ. ಆದ್ದರಿಂದ ಎಲ್ಲ ಸಿಬ್ಬಂದಿ ಪ್ರತಿದಿನ ಬೆಳಿಗ್ಗೆ 10.30ಕ್ಕೆ ಕೆಳಸಹಿದಾರರ ಮುಂದೆ ತುಟಿ ಹಾಜರಾತಿ ನೀಡತಕ್ಕದ್ದು. ಜಾಂಬುಳ (ನೇರಳೆ) ಹಣ್ಣು ತಿಂದು ಬಂದವರು ಹಣ್ಣಿನ ಬೀಜವನ್ನು ಪುರಾವೆಯಾಗಿ ತರತಕ್ಕದ್ದು.

3. ಮೊದಲ ಪರೀಕ್ಷೆ (04-02-2025, ಯಡೂರು). ಬೆಳಿಗ್ಗೆ 9.40ಕ್ಕೆ ದಶರಥರು ಇಳಿದರು. ಕೆಳಗೆ ಆದದ್ದು ಇಷ್ಟು: ಇಪ್ಪತ್ತೆರಡು ವರ್ಷ ಕಿವಿಯ ಮಗ್ಗುಲಲ್ಲೇ ಬಡಬಡಿಸುತ್ತಿದ್ದ ಸದ್ದು ಇರಲಿಲ್ಲ. ನದಿ ಮಾತ್ರ ಇತ್ತು. ಅದೂ ಸುಮ್ಮನೆ ಇರಲಿಲ್ಲ, ಉಸುಕಿನ ಮೇಲೆ ಉಸುಕು ಹರಿಯುವ ಸಣ್ಣ ಸದ್ದು, ಕಲ್ಲಿಗೆ ಕಲ್ಲು ತಾಗುವ ಸದ್ದು, ಯಾರೋ ಬಲು ದೂರದಲ್ಲಿ ಪದ ಹೇಳುತ್ತ ತಾಳ ತಟ್ಟಿದ ಹಾಗೆ. ಒಂದು ಮೀನು ಬಂದು ಮುಖಗನ್ನಡಿಯಲ್ಲಿ ಇಣುಕಿತು. ನೋಡಿ ಹೋಗಿ, ತನ್ನ ಮನೆಯವರನ್ನೆಲ್ಲ ಕರೆದುಕೊಂಡು ಬಂತು. ದಶರಥರು ಕೆಲಸ ಮರೆತು ಬಹಳ ಹೊತ್ತು ಕೈಕಟ್ಟಿ ನಿಂತಿದ್ದರೆಂದು ಅವರೇ ಒಪ್ಪಿಕೊಂಡಿದ್ದು, ಆ ಅವಧಿಯನ್ನು ಕೆಲಸದ ಅವಧಿ ಎಂದೇ ಪರಿಗಣಿಸಲಾಗಿದೆ.

ಮೇಲೆ ಆದದ್ದು ಬೇರೆ. ಗುಳ್ಳೆ ಬಂದರೆ ಮನುಷ್ಯ ಇದ್ದಾನೆ ಎಂದು ದಂಡೆಯ ಲೆಕ್ಕ. ಏಳನೆಯ ನಿಮಿಷಕ್ಕೆ ಅಕ್ಕುತಾಯಿ ಎದ್ದು ನಿಂತು, "ಗುಳ್ಳಿ ಎಲ್ಲಿ ಅದಾವ್ರಿ?" ಎಂದು ಕೇಳಿದರು. "ಇದರಾಗ ಗುಳ್ಳಿ ಬರೂದಿಲ್ರಿ ಅಕ್ಕಾರ, ಅದ ಇದರ ವಿಶೇಷ" ಎಂದು ಕೆಳಸಹಿದಾರರು ತಿಳಿಹೇಳಲಾಗಿ, "ಉಸರ ಇದ್ದಾಂವಗ ಗುಳ್ಳಿ ಇರಬೇಕಲ್ರಿ?" ಎಂದರು. ಇದಕ್ಕೆ ಉತ್ತರ ಯಂತ್ರದ ಕೈಪಿಡಿಯಲ್ಲಿ ಇತ್ತು. ಕೈಪಿಡಿ ಚಿಕ್ಕೋಡಿಯಲ್ಲಿ ಇತ್ತು. ಹನ್ನೊಂದನೆಯ ನಿಮಿಷಕ್ಕೆ ಮೊದಲ ಅಳು ದಾಖಲಾಯಿತು. ಹದಿನೈದಕ್ಕೆ ರಾಯಬಾಗ, ಅಥಣಿ, ಕಾಗವಾಡಕ್ಕೆ ಫೋನು ಹೋದವು. 11.40ಕ್ಕೆ ಎರಡು ಟಂಟಂ ಆಟೋ ತುಂಬ ನೆಂಟರು, ಬೀಗರು ಬಂದಿಳಿದರು.

ಹಾಲಸಿದ್ದನವರು ನೀರಿಗೆ ಬೆನ್ನು ಮಾಡಿ ನಿಂತು, ಅಕ್ಕನ ಗಂಡನನ್ನು ಆ ಕಡೆ ಕರೆಯುವಂತೆ "ದಾಜೀ" ಎಂದು ಹಾಡಿಕೊಂಡು ಅಳತೊಡಗಿದರು: "ನಿಮ್ಮಂಥಾ ದೊಡ್ಡ ಮನಸಿನ ಮನಶ್ಯಾ ಎಲ್ಲಿ ಸಿಗತಾನೋ ದಾಜೀ, ಒಂದ ದಿನಾ ಯಾರಿಗೂ ಎದುರ ಮಾತಾಡಲಿಲ್ಲೋ ದಾಜೀ, ಊರಿಗೆಲ್ಲಾ ನೀರ ಕುಡಿಸಿದ್ರೋ ದಾಜೀ..." 12.10ಕ್ಕೆ ದಶರಥರು ಅವರ ಬೆನ್ನ ಹಿಂದೆಯೇ ನಡುಮಟ್ಟದ ನೀರಿನಲ್ಲಿ ಎದ್ದರು. ಎದ್ದವರು ಮಧ್ಯೆ ಬಾಯಿ ಹಾಕದೆ, ಯಂತ್ರದ ಕೊಳವೆ ಕೈಯಲ್ಲಿ ಹಿಡಿದು, ಪೂರ್ತಿ ಮುಗಿಯುವವರೆಗೆ ತಲೆ ತಗ್ಗಿಸಿ ಕೇಳಿದರು. ಬಳಿಕ, "ಇಷ್ಟ ಛಲೋ ಇದ್ದೆನೇನೋ ನಾ? ಮೊದಲ ಹೇಳಬಾರದಾ?" ಎಂದರು. ಹಾಲಸಿದ್ದನವರು ತಿರುಗಿ ನೋಡಿ, ಕೂತು, ಎದ್ದು, "ಅದು ನೀವು ಹ್ವಾದಮ್ಯಾಲ ಹೇಳೂ ಮಾತರಿ ದಾಜಿ, ಇದ್ದಾಗ ಹೇಳೂದಲ್ಲ" ಎಂದು ಸಮಜಾಯಿಷಿ ನೀಡಿರುತ್ತಾರೆ.

4. ಬುತ್ತಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಬೀಗರು ಬಿಳಿಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಎರಡೂವರೆ ತಾಸು ನೀರಲ್ಲಿದ್ದ ದಶರಥರು ಹಸಿದಿದ್ದು, ಯಾರ ಬುತ್ತಿ, ಯಾಕೆ ತಂದದ್ದು ಎಂದು ವಿಚಾರಿಸುವ ಮೊದಲೇ ನಾಲ್ಕು ರೊಟ್ಟಿ ಉಂಡಿರುತ್ತಾರೆ. ತನ್ನ ಸಾವಿನ ಬುತ್ತಿಯನ್ನು ತಾನೇ ಉಣ್ಣುವುದರ ಬಗ್ಗೆ ಸೇವಾ ನಿಯಮಗಳು ಮೌನವಾಗಿವೆ. ಆದಾಗ್ಯೂ ಕಚೇರಿ ವೇಳೆಯಲ್ಲಿ ಹಾಗೆ ಮಾಡತಕ್ಕದ್ದಲ್ಲ. ಐದನೆಯ ರೊಟ್ಟಿಗೆ ಪೂರ್ವಾನುಮತಿ ಅಗತ್ಯ.

5. ಅಳುವುದರ ನಿಯಂತ್ರಣ. ಮೇಲ್ಕಂಡ ಘಟನೆ ಮರುಕಳಿಸದಂತೆ ಅಂದೇ ಮೌಖಿಕವಾಗಿ ಆದೇಶಿಸಿದ್ದನ್ನು ಈ ಮೂಲಕ ಖಾಯಂಗೊಳಿಸಲಾಗಿದೆ:

(ಅ) ಮುಳುಗುಕಾರರು ಇಳಿದ ಮೊದಲ ಮೂರು ತಾಸು ದಂಡೆಯ ಮೇಲೆ ಯಾರೂ ಅಳತಕ್ಕದ್ದಲ್ಲ.
(ಆ) ತಡೆಯಲಾಗದಿದ್ದಲ್ಲಿ ನಮೂನೆ-7ನ್ನು ಎರಡು ಪ್ರತಿಗಳಲ್ಲಿ ತುಂಬಿ, ಸಂಬಂಧ, ಅಳುವಿನ ಅಂದಾಜು ಅವಧಿ, ಹಾಡಿಕೊಂಡು ಅಳುವುದೋ ಹಾಡದೆಯೋ ಎಂಬುದನ್ನು ನಮೂದಿಸಿ, ಮಂಜೂರಾತಿ ಬಂದ ಬಳಿಕ ಅಳತಕ್ಕದ್ದು. ಮಂಜೂರಾತಿ ಬರುವಷ್ಟರಲ್ಲಿ ಅಳು ನಿಂತಿದ್ದರೆ ಕಾರಣ ತಿಳಿಸತಕ್ಕದ್ದು.
(ಇ) ನೀರಿನಲ್ಲಿರುವವರ ಗುಣ ವರ್ಣಿಸಿದವರು, ಅವರು ಮೇಲೆ ಬಂದ ನಂತರ ಅದನ್ನು ಹಿಂಪಡೆಯುವಂತಿಲ್ಲ.
(ಈ) ಕಚೇರಿ ಲಿಖಿತವಾಗಿ ತಿಳಿಸುವವರೆಗೆ ಯಾವ ಊರಿನಿಂದಲೂ ಟಂಟಂ ಹೊರಡತಕ್ಕದ್ದಲ್ಲ.

6. ಸಹಿ ನಿರಾಕರಣೆ. ಅದೇ ಸಂಜೆ ಒಪ್ಪಿಗೆ ಪತ್ರವನ್ನು ಅಕ್ಕುತಾಯಿ ಅವರ ಮುಂದೆ ಇಡಲಾಗಿ, ಪೆನ್ನು ಮುಟ್ಟಲಿಲ್ಲ. "ಮಷೀನು ಛಲೋ ಇರಬಹುದರಿ. ಅವರಿಗೆ ಛಲೋನ ಐತಿ, ತೆಳಗ ಮೀನಾ ನೋಡ್ಕೋತ ನಿಲ್ಲತಾರ. ನನಗೇನೈತಿ ಇದರಾಗ? ಇಪ್ಪತ್ತೆರಡು ವರ್ಷ ನಾ ಆ ಗುಳ್ಳಿ ನೋಡ್ಕೋತ ಜೀವಾ ಹಿಡದ ಕುಂತೀನಿ. ಅದನ್ನ ತಗದ್ರಿ ಅಂದ್ರ ನಾ ಇನ್ನ ಏನ ನೋಡ್ಕೋತ ಕುಂಡ್ರಲಿ? ಬರೇ ನೀರಾ?"

ಈ ಪ್ರಶ್ನೆಯನ್ನು 'ಪರಿಶೀಲನೆಯಲ್ಲಿದೆ' ಎಂದು ದಾಖಲಿಸಲಾಯಿತು. ದಶರಥರು ಯಂತ್ರದ ಕೊಳವೆಗಳನ್ನು ಒಂದೊಂದಾಗಿ ಒರೆಸಿ, ಗಾಳಿಗೆ ತೂಗು ಹಾಕಿ, ಇಪ್ಪತ್ತೆಂಟನೇ ತಾರೀಕಿಗೆ ಇನ್ನೆಷ್ಟು ದಿನ ಎಂದು ಜಕ್ಕಪ್ಪನನ್ನು ಎರಡು ಸಲ ಕೇಳಿದರು.

7. ಗುಣಗಳು. ಚಿಕ್ಕ ಸಿಲಿಂಡರು, ಮೂರು ತಾಸು. ಗುಳ್ಳೆ ಬಡಿಯದ್ದರಿಂದ ಜಾಕ್‌ವೆಲ್‌ನ ಛಾವಣಿಗೆ ಅಂಟಿದ ರಾಡಿ ಉದುರಿ ಕಣ್ಣು ಕತ್ತಲಾಗುವುದಿಲ್ಲ. ಸುಣ್ಣ ತನ್ನ ಕೆಲಸ ಮಾಡುವಾಗ ಬೆಚ್ಚಗಾಗುವುದರಿಂದ ಉಸಿರು ಬೆಚ್ಚಗೆ, ಹಸಿಯಾಗಿ ಬರುತ್ತದೆ. ಗಂಟಲು ಒಣಗುವುದಿಲ್ಲ, ಮಾಘದ ಚಳಿಯಲ್ಲೂ ಚಹಾದ ನೆನಪಾಗುವುದಿಲ್ಲ. ಮೀನು ಹೆದರುವುದಿಲ್ಲ.

8. ದೋಷಗಳು. ಇಳಿಯುವ ಮುನ್ನ ಮೂವತ್ತೊಂದು ಬಾಬತ್ತು ತಪಾಸಣೆ ಮಾಡಬೇಕು. ಒಂದನ್ನು ಬಿಟ್ಟರೂ ಮೂವತ್ತನ್ನು ಮಾಡಿದ ಪುಣ್ಯ ಉಪಯೋಗಕ್ಕೆ ಬರುವುದಿಲ್ಲ. ಆಮ್ಲಜನಕ ಅಳೆಯುವ ಬಿಲ್ಲೆಗಳು ಕಪಾಟಿನಲ್ಲಿ ಸುಮ್ಮನೆ ಕೂತರೂ ವರ್ಷಕ್ಕೆ ನಿವೃತ್ತಿ ಹೊಂದುತ್ತವೆ. ಸುಣ್ಣಕ್ಕೆ ನೀರು ಹೊಕ್ಕರೆ ಬಾಯಿ ಸುಡುತ್ತದೆ, ಸುಣ್ಣ ತೀರಿದರೆ ತಲೆ ಸಿಡಿಯುತ್ತದೆ.

ಇನ್ನೊಂದು ದೋಷ ದಶರಥರಿಗೆ ಮಾತ್ರ ಗೊತ್ತಾದದ್ದು. ಬುಡುಬುಡುವಿನಲ್ಲಿ ದೀರ್ಘ ಉಸಿರೆಳೆದರೆ ದೇಹ ತುಸು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಅವರು ಇಪ್ಪತ್ತೆರಡು ವರ್ಷ ಹೀಗೆ ಉಸಿರಿನಿಂದಲೇ ಮೆಟ್ಟಿಲು ಹತ್ತಿ ಇಳಿದವರು. ಇದರಲ್ಲಿ ಉಸಿರು ಎದೆಯಿಂದ ಗಾಳಿಚೀಲಕ್ಕೆ, ಚೀಲದಿಂದ ಎದೆಗೆ ಹೋಗಿ ಬರುವುದರಿಂದ ದೇಹ ಇದ್ದಲ್ಲೇ ಇರುತ್ತದೆ. "ಎಷ್ಟ ಎಳದ್ರೂ ಏಳೂದಿಲ್ರಿ. ಹೊಸದಾಗಿ ನಡಿಲಿಕ್ಕೆ ಕಲ್ತಂಗ ಆತು" ಎಂದು ನಾಚಿಕೊಂಡು ಹೇಳಿದ್ದಾರೆ.

ಎಲ್ಲಕ್ಕಿಂತ ದೊಡ್ಡದು: ಆಮ್ಲಜನಕ ಕಡಿಮೆಯಾದರೆ ಉಸಿರು ಕಟ್ಟಿದಂತೆ ಅನಿಸುವುದೇ ಇಲ್ಲ. ಹಿತವೆನಿಸುತ್ತದೆ, ಹಾಗೇ ಎಚ್ಚರ ತಪ್ಪುತ್ತದೆ. ಆದ್ದರಿಂದ ಮಣಿಕಟ್ಟಿನ ಅಂಕಿಯನ್ನು ಗಳಿಗೆಗೊಮ್ಮೆ ನೋಡಬೇಕು. ಇಳಿಯುವ ಮುನ್ನ ಮೂಗು ಮುಚ್ಚಿ ಐದು ನಿಮಿಷ ದಂಡೆಯ ಮೇಲೇ ಯಂತ್ರದಿಂದ ಉಸಿರಾಡಬೇಕು. ಆಗ ಇನ್ನೊಬ್ಬರು ಎದುರು ಕೂತು ಅವರ ಮುಖ ನೋಡುತ್ತಿರಬೇಕು. ತಾನು ಸರಿಯಿಲ್ಲ ಎಂಬುದು ತನಗೆ ತಿಳಿಯದೆ ಹೋಗುವ ಯಂತ್ರವಿದು.

9. ಎರಡನೆಯ ಪರೀಕ್ಷೆ (13-02-2025). ಅಕ್ಕುತಾಯಿ ಅವರಿಗೆ ನೋಡಲು ಏನಾದರೂ ಇರಲೆಂದು, ಒಂದು ಕೆಂಪು ಪುಗ್ಗೆಗೆ, ಅಂದರೆ ಬಲೂನಿಗೆ, ದಾರ ಕಟ್ಟಿ ದಶರಥರ ನಡುವಿಗೆ ಬಿಗಿದು, ಪುಗ್ಗೆ ನೀರ ಮೇಲೆ ಇರುವಂತೆ ವ್ಯವಸ್ಥೆ ಮಾಡಲಾಯಿತು. ಪುಗ್ಗೆ ಇದ್ದಲ್ಲಿ ದಶರಥರು ಇದ್ದಾರೆ ಎಂದು ದಂಡೆಗೆ ಧ್ವನಿವರ್ಧಕದಲ್ಲಿ ಸಾರಲಾಯಿತು. ನೀರಿಗಿಳಿದಿದ್ದ ಎಮ್ಮೆಯೊಂದರ ಕೊಂಬಿಗೆ ದಾರ ಸಿಕ್ಕು, ಹರಿದು, ಎಮ್ಮೆ ಪುಗ್ಗೆ ಸಮೇತ ದಂಡೆ ಹತ್ತಿ ಊರೊಳಗೆ ಹೊರಟಿತು. ಸೂಚನೆಯನ್ನು ಅಕ್ಷರಶಃ ಪಾಲಿಸಿದ ಜನ ದಶರಥರನ್ನು ಹಿಂಬಾಲಿಸುತ್ತ ಕಿರಾಣಿ ಅಂಗಡಿಯವರೆಗೆ ಹೋದರು. ದಂಡೆಯಲ್ಲಿ ಉಳಿದವರು ಅಕ್ಕುತಾಯಿ ಒಬ್ಬರೇ. ನಮೂನೆ-7 ತುಂಬಲಿಲ್ಲ, ಅಳಲಿಲ್ಲ. ಒಂದು ತಾಸು ಐವತ್ತು ನಿಮಿಷ ನೀರನ್ನೇ ನೋಡುತ್ತ ನಿಂತರು. ಗಂಡ ಎದ್ದು ಬಂದಾಗ ಅವರ ಕಡೆ ನೋಡದೆ ಮನೆಗೆ ನಡೆದರು.

ಎಮ್ಮೆಯ ವಿರುದ್ಧ ಕ್ರಮ ಕೈಬಿಡಲಾಗಿದೆ.

10. ಹಗ್ಗ. ನಾಲ್ಕು ದಿನದ ಬಳಿಕ ಅಕ್ಕುತಾಯಿ ತಾವಾಗಿಯೇ ಚಿಕ್ಕೋಡಿಯ ಕಚೇರಿಗೆ ಬಂದು, ಕೊಟ್ಟ ಚಹಾ ಆರಲು ಬಿಟ್ಟು, "ದಾರಾ ಬ್ಯಾಡ, ಪುಗ್ಗಿ ಬ್ಯಾಡ. ಎಮ್ಮಿ ಕಟ್ಟೂ ಹಗ್ಗಾ ತರ್ರಿ. ಒಂದ ತುದಿ ಅವರ ನಡಕ್ಕ, ಒಂದ ತುದಿ ನನ್ನ ಕೈಯಾಗ. ಇನ್ನೊಂದು ಸಲ ನೋಡತೀನಿ" ಎಂದರು. ಈ ವ್ಯವಸ್ಥೆಯನ್ನು ಕೈಪಿಡಿಯ 114ನೆಯ ಪುಟದಲ್ಲಿ ಮೊದಲೇ ಹೇಳಲಾಗಿದ್ದು, 113ನೆಯ ಪುಟದವರೆಗೆ ಉಪವಿಭಾಗವು ಶ್ರದ್ಧೆಯಿಂದ ಓದಿರುತ್ತದೆ.

ಮುಖ ನೋಡುವ ಕೆಲಸವನ್ನೂ ಅವರಿಗೇ ವಹಿಸಲಾಯಿತು. ಅರ್ಹತೆ ಕೇಳಲಾಗಿ: "ಇಪ್ಪತ್ತೆಂಟು ವರ್ಷ ಸಂಸಾರ ಮಾಡೀನಿ. ಆ ಮಾರಿ ಮ್ಯಾಲ ನೊಣಾ ಕುಂತ್ರ ಯಾವ ವಿಚಾರಕ್ಕ ಕುಂತೈತಿ ಅಂತ ಹೇಳತೀನಿ." ಅರ್ಹತೆ ಅಂಗೀಕರಿಸಲಾಗಿದೆ.

11. ಮೂರನೆಯ ಪರೀಕ್ಷೆ (27-02-2025). ದಂಡೆಯ ಮೇಲೆ ಗಂಡಹೆಂಡತಿ ಎದುರುಬದುರು ಕೂತರು. ದಶರಥರ ಮೂಗಿಗೆ ಚಿಮಟ, ಬಾಯಲ್ಲಿ ಕೊಳವೆ. ಐದು ನಿಮಿಷ ಅಕ್ಕುತಾಯಿ ಕಣ್ಣು ಮಿಟುಕಿಸದೆ ನೋಡಿದರು. ಮೂರನೆಯ ನಿಮಿಷದ ಹೊತ್ತಿಗೆ ದಶರಥರು ಕೆಂಪಾದದ್ದು ಆಮ್ಲಜನಕದ ದೋಷದಿಂದಲ್ಲ ಎಂದು ಪರಿಶೀಲಿಸಿ ಖಚಿತಪಡಿಸಿಕೊಳ್ಳಲಾಯಿತು. ಬಳಿಕ ಇಳಿದರು.

ಮೊದಲ ಇಪ್ಪತ್ತು ನಿಮಿಷದಲ್ಲಿ ಹಗ್ಗ ಮೂವತ್ನಾಲ್ಕು ಸಲ ಜಗ್ಗಿತು. 'ಒಂದ ಕೈಯಾಗ ಗಂಟಾ, ಒಂದ ಕೈಯಾಗ ಹೆಂಡ್ತಿ' ಎಂಬುದು ದಶರಥರು ನಂತರ ನೀಡಿದ ವರದಿಯ ಪೂರ್ಣ ಪಾಠ. ಪ್ರತಿ ಸಲವೂ ಅವರು ಕೆಲಸ ಬಿಟ್ಟು ಮರುಜಗ್ಗಿದರು. ಹಗ್ಗದಲ್ಲಿ ಮನುಷ್ಯ ಇದ್ದಾನೆ ಎಂಬುದು ಅಕ್ಕುತಾಯಿ ಅವರ ಅಂಗೈಗೆ ಬರಬರುತ್ತ ನಂಬಿಕೆಯಾಯಿತು. ಜಗ್ಗುವುದು ಎರಡು ನಿಮಿಷಕ್ಕೊಮ್ಮೆ ಆಯಿತು, ಐದಕ್ಕೆ ಆಯಿತು, ಹತ್ತಕ್ಕೆ ಬಂತು. ಅವರು ಕೂತರು. ಪಕ್ಕದ ಹೆಂಗಸಿನೊಡನೆ ಹಗ್ಗ ಬಿಡದೆ ಮೆಣಸಿನಕಾಯಿಯ ಧಾರಣೆ ಮಾತಾಡಿದರು.

ಕೆಳಗೆ ದಶರಥರಿಗೆ ಗಂಟಿನ ತುದಿ ಸಿಕ್ಕಿತು. ಈ ಸಲ ಅದನ್ನು ಬಿಟ್ಟು ಮೇಲೆ ಹೋಗಬೇಕಾಗಿರಲಿಲ್ಲ. ಬಳ್ಳಿ ಬಿಚ್ಚಿದರು, ಚೀಲ ಕಿತ್ತರು, ಕೊನೆಗೆ ಹಸಿರು ಸೀರೆಯೊಂದನ್ನು ಸುತ್ತು ಸುತ್ತಾಗಿ ಬಿಡಿಸಿ ಮಡಚಿಟ್ಟರು. ಒಂದು ತಾಸು ಐವತ್ತೆರಡು ನಿಮಿಷಕ್ಕೆ ಜಾಳಿಗೆಯ ಪ್ರತಿ ಕಣ್ಣೂ ತೆರೆದಿತ್ತು. ಕೈಗೆ ಮಾಡಲು ಏನೂ ಉಳಿಯದೆ, ನದಿಯ ತಳದಲ್ಲಿ, ಮುಗಿದ ಕೆಲಸದ ಮುಂದೆ ಅವರು ಮೊದಲ ಬಾರಿಗೆ ಸುಮ್ಮನೆ ಕೂತರು.

12. ಹಗ್ಗದ ಸಂಕೇತಗಳು. ಇನ್ನು ಮುಂದೆ ಈ ಕೆಳಗಿನವು ಮಾತ್ರ ಮಾನ್ಯ:

ಒಂದು ಜಗ್ಗು: ಅದೀರೇನು?
ಮರುಜಗ್ಗು ಒಂದು: ಅದೀನಿ.
ಎರಡು: ಹಗ್ಗ ಸಡಿಲ ಬಿಡಿ.
ನಾಲ್ಕು: ತಕ್ಷಣ ಮೇಲೆ ಬರತಕ್ಕದ್ದು.
ಎರಡು ಉದ್ದ, ಒಂದು ಸಣ್ಣದು: (ಖಾಲಿ ಬಿಡಲಾಗಿದೆ).

ಕೊನೆಯ ಸಂಕೇತದ ಬಗ್ಗೆ ಟಿಪ್ಪಣಿ: ಮೂರನೆಯ ಪರೀಕ್ಷೆಯಲ್ಲಿ ಕೆಲಸ ಮುಗಿದ ಬಳಿಕವೂ ದಶರಥರು ಹನ್ನೊಂದು ನಿಮಿಷ ಕೆಳಗೇ ಇದ್ದರು. ಆ ಹೊತ್ತಿನಲ್ಲಿ ಅಕ್ಕುತಾಯಿ ಅವರು ಯಾವ ಪಟ್ಟಿಯಲ್ಲೂ ಇಲ್ಲದ ರೀತಿಯಲ್ಲಿ ಹಗ್ಗವನ್ನು ಎರಡು ಸಲ ಉದ್ದಕ್ಕೆ, ಒಂದು ಸಲ ಸಣ್ಣಗೆ ಜಗ್ಗಿದ್ದನ್ನು ಕೆಳಸಹಿದಾರರು ಕಣ್ಣಾರೆ ಕಂಡಿರುತ್ತಾರೆ. ಕೆಳಗಿನಿಂದ ಅದೇ ರೀತಿ ಮರುಜಗ್ಗು ಬಂತು. ಅಕ್ಕುತಾಯಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅರ್ಥವೇನೆಂದು ದಾಖಲೆಗಾಗಿ ಕೇಳಲಾಗಿ, ದಶರಥರು ಯಂತ್ರ ಬಿಚ್ಚುವುದರಲ್ಲಿ ಮಗ್ನರಾದರು. ಅಕ್ಕುತಾಯಿ, "ಸಾಹೇಬ್ರ, ಎಲ್ಲಾ ಬರಕೋಬ್ಯಾಡ್ರಿ" ಎಂದರು. ಆದ್ದರಿಂದ ಬರೆದುಕೊಂಡಿಲ್ಲ. ಇತರೆ ಸಿಬ್ಬಂದಿ ಈ ಸಂಕೇತವನ್ನು ಬಳಸತಕ್ಕದ್ದಲ್ಲ.

13. ತೀರ್ಮಾನ. ದಿನಾಂಕ 28-02-2025ರ ಸಂಜೆ 5.10ಕ್ಕೆ ಅಕ್ಕುತಾಯಿ ಅವರು ಕಚೇರಿಗೆ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿರುತ್ತಾರೆ. ಯಂತ್ರವನ್ನು ಇಟ್ಟುಕೊಳ್ಳಲಾಗಿದೆ. ಸಹಿಯ ಕೆಳಗೆ ಅವರು ಸ್ವಹಸ್ತದಿಂದ ಒಂದು ಷರತ್ತು ಬರೆದಿದ್ದು, ಉಪವಿಭಾಗವು ಅದನ್ನು ಯಥಾವತ್ತಾಗಿ ಅಂಗೀಕರಿಸಿ ಈ ಸುತ್ತೋಲೆಯ ಭಾಗವಾಗಿಸಿದೆ:

"ಹಗ್ಗದ ಈ ತುದಿ ಬ್ಯಾರೆಯವರ ಕೈಯಾಗ ಕೊಡಂಗಿಲ್ಲ."

ಸಹಿ/-
(ಶ್ರೇಣಿಕ)
ಸಹಾಯಕ ಅಧಿಕಾರಿ
ನದಿತಳ ಕಾಮಗಾರಿ ಉಪವಿಭಾಗ, ಚಿಕ್ಕೋಡಿ

ಪ್ರತಿಗಳು:
1. ಕೇಂದ್ರ ಕಚೇರಿಗೆ, ಗುಣದೋಷ ತಿಳಿಸಿದ್ದೇವೆಂದು ತಿಳಿಸಲು.
2. ಶ್ರೀ ಜಕ್ಕಪ್ಪ, ಉಗ್ರಾಣ. ಕನ್ನಡಿ ಸಹಿತ.
3. ಕಾಗವಾಡ, ಅಥಣಿ ಮತ್ತು ರಾಯಬಾಗದ ಬೀಗರಿಗೆ, ಸುಮ್ಮನೆ ಊಟಕ್ಕೂ ಬರಬಹುದು ಎಂಬ ದಶರಥರ ಕೋರಿಕೆಯೊಂದಿಗೆ.
4. ಶ್ರೀ ಹಾಲಸಿದ್ದ ಇವರಿಗೆ, ವರ್ಣಿಸಿದ ಗುಣಗಳ ಶುದ್ಧ ಪ್ರತಿಯೊಂದನ್ನು ದಶರಥರು ಕೇಳಿರುವುದರಿಂದ ಮುಂದಿನ ಕ್ರಮಕ್ಕಾಗಿ.
5. ಯಡೂರಿನ ದಂಡೆಯ ಮೇಲೆ ಅಂಟಿಸಲು. ಅಂಟದಿದ್ದಲ್ಲಿ ಗಟ್ಟಿಯಾಗಿ ಓದಿ ಹೇಳಲು.
6. ಶ್ರೀಮತಿ ಅಕ್ಕುತಾಯಿ ಇವರಿಗೆ, ಹೊಸ ಹಗ್ಗ, ಅರವತ್ತು ಫೂಟು, ಒಂದು.